ಬೆಂಡಿನ ಗೋಡೆ

ಮಹಾರಾಷ್ಟ್ರದ ಎಲ್ಲೋರಕ್ಕೆ ಹೋದವರು ಸಾಮಾನ್ಯವಾಗಿ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದಲ್ಲಿ ಬಂಡೆಯನ್ನು ಕೊರೆದು ಮಾಡಿದ ಕೈಲಾಸ ದೇವಾಲಯವನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ಅಲ್ಲಿಯೇ ಇರುವ ಬೌದ್ಧ ಗುಹೆಗಳ ಗೋಡೆಗೆ ಮೆತ್ತಿದ ಮಣ್ಣಿನ ಗಾರೆಯನ್ನು ನಿಂತು ನೋಡುವವರು ವಿರಳ. ಈ ಗಾರೆಯ ಗುಟ್ಟೊಂದನ್ನು 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಬಯಲಿಗೆ ತಂದಿತು. ಪುರಾತತ್ತ್ವ ಇಲಾಖೆಯ ರಸಾಯನ ವಿಜ್ಞಾನಿಯೊಬ್ಬರೂ ಸಸ್ಯಶಾಸ್ತ್ರಜ್ಞರೊಬ್ಬರೂ ಕೂಡಿ ಗಾರೆಯ ಚೂರುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿದಾಗ, ಮಣ್ಣಿನೊಡನೆ ಭಂಗಿ ಗಿಡದ ತುಣುಕುಗಳನ್ನು ಬೆರೆಸಿರುವುದು ಕಂಡುಬಂದಿತು. ಅಜಂತೆಯ ಗಾರೆಯಲ್ಲಿ ಈ ಗಿಡವಿಲ್ಲ. ಅಲ್ಲಿ ಬೆರೆಸಿದ ಸಸ್ಯಭಾಗಗಳನ್ನು ಕೀಟಗಳು ತಿಂದುದರಿಂದ ಚಿತ್ರಗಳಿಗೆ ಬಹಳ ಹಾನಿಯಾಗಿದೆ. ಎಲ್ಲೋರದಲ್ಲಿ ಆ ಬಗೆಯ ಹಾನಿ ಕಾಣುವುದಿಲ್ಲ. ಸಾವಿರ ವರ್ಷಗಳಿಗೂ ಹಿಂದಿನ ಆ ಕುಶಲಕರ್ಮಿಗಳು ಯಾವ ಗಿಡ ಗೋಡೆಗೆ ಒಗ್ಗುತ್ತದೆಂಬುದನ್ನು ಅನುಭವದಿಂದ ಅರಿತಿದ್ದರೆಂದು ತೋರುತ್ತದೆ.

ಭಂಗಿ ಎಂದೊಡನೆ ನಮಗೆ ನೆನಪಾಗುವುದು ಅಮಲು. ಗಾಂಜಾ ದೊರೆಯುವುದೂ ಇದೇ ಜಾತಿಯ ಗಿಡದಿಂದಲೇ. ಆದರೆ ಒಂದೇ ಜಾತಿಯ ಮಾವಿನಲ್ಲಿ ಸಿಹಿಯೂ ಹುಳಿಯೂ ಇರುವಂತೆ, ಭಂಗಿಯಲ್ಲಿಯೂ ಹಲವು ತಳಿಗಳುಂಟು. ನಾರಿಗಾಗಿ ಬೆಳೆಯುವ ತಳಿಗಳಲ್ಲಿ ಅಮಲಿನ ಅಂಶ ತೀರ ಅಲ್ಪ. ಇವನ್ನು ಒತ್ತೊತ್ತಾಗಿ ಬಿತ್ತುತ್ತಾರೆ. ಆಗ ಗಿಡ ಕವಲೊಡೆಯದೆ ನೇರವಾಗಿ ಬೆಳೆದು ಸುಮಾರು ನಾಲ್ಕು ತಿಂಗಳಲ್ಲಿ ಆಳೆತ್ತರವನ್ನು ಮೀರುತ್ತದೆ. ಈ ನಾರುಭಂಗಿಗೆ ಇಂಗ್ಲಿಷಿನಲ್ಲಿ ಹೆಂಪ್ ಎಂದು ಹೆಸರು. ಇದನ್ನು ನಮ್ಮ ಸೆಣಬಿನೊಡನೆ ಗೊಂದಲ ಮಾಡಿಕೊಳ್ಳಬಾರದು. ಅದು ಬೇರೆಯೇ ಗಿಡ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತುಗಳ ಕಾಯಿದೆಯ ಮೇರೆಗೆ ಭಂಗಿಯನ್ನು ಅನುಮತಿಯಿಲ್ಲದೆ ಬೆಳೆಯುವುದು ಅಪರಾಧ. ನಾರಿಗಾಗಿ ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರವು ಪರವಾನಿಗೆ ಕೊಡಬಹುದೆಂದು ಅದೇ ಕಾಯಿದೆಯಲ್ಲಿ ಅವಕಾಶವಿದೆ.

ಕಾಂಡದ ಹೊರಪದರದಲ್ಲಿ ನಾರು. ಒಳಗೆ ಹಗುರವಾದ, ಬಿಳಿಚಿದ ಕಡ್ಡಿ. ನಾರನ್ನು ಸುಲಿದ ಮೇಲೆ ಉಳಿಯುವ ಈ ಕಡ್ಡಿಯನ್ನು ನಾವು ಬೆಂಡು ಎನ್ನೋಣ. ಕಾಂಡದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ಬೆಂಡೇ. ಹಗ್ಗ ಹೊಸೆಯುವವನಿಗೂ ಬಟ್ಟೆ ನೇಯುವವನಿಗೂ ಇದು ಬೇಡ. ಆದರೆ ಇದನ್ನು ಬೆರಳ ಉಗುರಿನಷ್ಟು ಚೂರು ಮಾಡಿ, ಅರಳಿಸಿದ ಸುಣ್ಣವನ್ನೂ ನೀರನ್ನೂ ಹಾಕಿ ಕಲಸಿದರೆ ಗೋಡೆಗೆ ಒದಗುವ ಒಂದು ಗಾರೆಯಾಗುತ್ತದೆ. ಹೆಂಪ್‌ಕ್ರೀಟ್ ಎಂಬುದು ಇದರ ವ್ಯಾಪಾರದ ಹೆಸರು. ಮರದ ಕಂಬ ತೊಲೆಗಳ ಚೌಕಟ್ಟನ್ನು ಮೊದಲು ನಿಲ್ಲಿಸಿ, ಎರಡು ಬದಿಗೂ ಹಲಗೆ ಕಟ್ಟಿ, ನಡುವೆ ಈ ಗಾರೆಯನ್ನು ಪದರ ಪದರವಾಗಿ ತುಂಬಿ ಹದವಾಗಿ ಒತ್ತುತ್ತಾರೆ. ಬಲವಾಗಿ ಗುದ್ದಿದರೆ ಒಳಗಿನ ಗಾಳಿಯ ಸೆಲೆಗಳು ಮುಚ್ಚಿಹೋಗುತ್ತವೆ. ಗಾಳಿಯೇ ಈ ಗೋಡೆಯ ಜೀವ. ಕೆಲಸಗಾರನ ಕೈ ಕಲಿಯಬೇಕಾದ ಮುಖ್ಯ ಪಾಠ ಈ ಹದವೇ.

ಹೀಗೆ ಕಟ್ಟಿದ ಗೋಡೆಯ ಒಂದು ಘನಮೀಟರ್ ತೂಗುವುದು ಸುಮಾರು 300ರಿಂದ 400 ಕಿಲೋಗ್ರಾಂ ಮಾತ್ರ. ಸುಟ್ಟ ಇಟ್ಟಿಗೆಯ ಗೋಡೆ ಇದರ ನಾಲ್ಕೈದು ಪಟ್ಟು ತೂಗುತ್ತದೆ. ಒಳಗೆ ಗಾಳಿ ಸೆರೆಯಾಗಿರುವುದರಿಂದ ಹೊರಗಿನ ಚಳಿಯಾಗಲಿ ಬಿಸಿಲಾಗಲಿ ಬೇಗನೆ ಒಳಕ್ಕೆ ಇಳಿಯುವುದಿಲ್ಲ. ಗೋಡೆಯು ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ಹೊರಬಿಡಬಲ್ಲದು. ಸುಣ್ಣವಿರುವುದರಿಂದ ಬೂಷ್ಟು ಸುಲಭವಾಗಿ ಹತ್ತದು. ಬೆಂಕಿ ತಗುಲಿದರೂ ಥಟ್ಟನೆ ಉರಿಯದು. ಗಿಡ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವು ಮನೆ ನಿಂತಿರುವವರೆಗೂ ಗೋಡೆಯಲ್ಲಿಯೇ ಉಳಿಯುತ್ತದೆಂಬುದು ಇನ್ನೊಂದು ಲಾಭ. ಆದರೆ ಈ ಗೋಡೆ ಭಾರವನ್ನು ಹೊರಲಾರದು. ಮಾಡಿನ ಹೊರೆಯನ್ನೆಲ್ಲ ಮರದ ಚೌಕಟ್ಟೇ ಹೊರಬೇಕು. ಒಣಗುವುದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಲ ಬೇಕು. ಅವಸರಪಟ್ಟು ಒದ್ದೆ ಗೋಡೆಗೆ ಗಿಲಾವು ಮಾಡಿದವರು ಕೆಡುತ್ತಾರೆ. ಸುಣ್ಣವೂ ಪುಕ್ಕಟೆಯಾಗಿ ಬರುವುದಿಲ್ಲ. ಅದನ್ನು ಸುಡುವಾಗ ಹೊರಬಿದ್ದ ಇಂಗಾಲದ ಡೈಆಕ್ಸೈಡಿನಲ್ಲಿ ಒಂದು ಭಾಗವನ್ನು ಮಾತ್ರ ಗೋಡೆ ಗಟ್ಟಿಯಾಗುವಾಗ ಮರಳಿ ಹೀರಿಕೊಳ್ಳುತ್ತದೆ. ಡೆಹ್ರಾಡೂನ್ ಕಣಿವೆಯಲ್ಲಿ ಸುಣ್ಣಕಲ್ಲಿಗಾಗಿ ಬೆಟ್ಟಗಳನ್ನು ಅಗೆದು ಆದ ಅನಾಹುತವನ್ನು ಕಂಡು, ಅಲ್ಲಿಯ ಹಲವು ಗಣಿಗಳನ್ನು ಮುಚ್ಚುವಂತೆ 1985ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಜ್ಞೆ ಮಾಡಬೇಕಾಯಿತು.

ಇಂತಹ ಸರಕನ್ನು ಮಾಡಿ ಮಾರಿ ಜೀವಿಸಲು ಸಾಧ್ಯವೆ? ಇಲ್ಲಿದೆ ನಿಜವಾದ ತೊಡಕು. ಬೆಂಡು ಹತ್ತಿಯಂತೆ ಹಗುರ; ಲಾರಿ ತುಂಬಿದರೂ ತೂಕ ತುಂಬದು. ನೂರಾರು ಮೈಲಿ ಸಾಗಿಸಿದರೆ ಬೆಂಡಿನ ಬೆಲೆಗಿಂತ ಬಾಡಿಗೆಯೇ ಹೆಚ್ಚಾದೀತು. ಆದುದರಿಂದ ಗಿಡ ಬೆಳೆಯುವ ಹೊಲ, ನಾರನ್ನೂ ಬೆಂಡನ್ನೂ ಬೇರ್ಪಡಿಸುವ ಯಂತ್ರ, ಮನೆ ಕಟ್ಟುವ ಊರು, ಈ ಮೂರೂ ಹತ್ತಿರ ಹತ್ತಿರ ಇರಬೇಕು. ಯಂತ್ರದ ಬೆಲೆಯನ್ನು ಒಬ್ಬ ರೈತ ಭರಿಸಲಾರ. ಯಂತ್ರವಿಲ್ಲದೆ ರೈತ ಬಿತ್ತನು. ಬೆಳೆಯಿಲ್ಲದೆ ಯಂತ್ರವನ್ನು ತರುವವರಿಲ್ಲ. ಬೀಜವೃಕ್ಷ ನ್ಯಾಯವೆಂದರೆ ಇದೇ. ಈ ಗಂಟನ್ನು ಬಿಡಿಸಿದವರು ಬಹುಮಟ್ಟಿಗೆ ಒಬ್ಬೊಂಟಿ ವ್ಯಾಪಾರಿಗಳಲ್ಲ, ಒಟ್ಟುಗೂಡಿದ ಜನ.

ಫ್ರಾನ್ಸಿನ ಓಬ್ ಜಿಲ್ಲೆಯ ರೈತರು 1973ರಲ್ಲಿ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡರು. ಹಿಂದಿನ ಶತಮಾನದಲ್ಲಿ ಹಡಗಿನ ಹಾಯಿಗೂ ಹಗ್ಗಕ್ಕೂ ಬೇಕಾಗಿದ್ದ ನಾರುಭಂಗಿ ಆ ವೇಳೆಗೆ ಆ ದೇಶದಲ್ಲಿ ಅಳಿದುಹೋಗುವಂತಿತ್ತು. ಸಂಘವು ನಾರನ್ನು ಕಾಗದದ ಕಾರ್ಖಾನೆಗೆ ಮಾರಿತು; ಬೆಂಡು ಕುದುರೆ ಲಾಯಗಳಿಗೆ ಹಾಸಾಗಿ ಹೋಯಿತು. ಅದೇ ಸೀಮೆಯಲ್ಲಿ 1980ರ ದಶಕದಲ್ಲಿ ಹಳೆಯ ಮರದ ಚೌಕಟ್ಟಿನ ಮನೆಗಳನ್ನು ದುರಸ್ತಿ ಮಾಡುತ್ತಿದ್ದವರು, ಸಿಮೆಂಟು ತುಂಬಿದರೆ ತೇವ ಹೊರಹೋಗದೆ ಮರ ಕೊಳೆಯುವುದನ್ನು ಕಂಡು, ಬೆಂಡನ್ನು ಸುಣ್ಣದೊಡನೆ ಕಲಸಿ ತುಂಬಿದರು. ಈಗಿನ ಬೆಂಡಿನ ಗಾರೆ ಹುಟ್ಟಿದ್ದು ಹೀಗೆ. ಒಂದು ಭಾಗಕ್ಕೆ ಬೇಡಿಕೆ ಕುಗ್ಗಿದಾಗ ಇನ್ನೊಂದು ಭಾಗ ಕೈಹಿಡಿಯುವಂತೆ, ಗಿಡದ ನಾರು, ಬೆಂಡು, ಬೀಜ ಎಲ್ಲಕ್ಕೂ ಮಾರುಕಟ್ಟೆಯನ್ನು ಹುಡುಕಿದುದು ಆ ರೈತರ ಜಾಣ್ಮೆ.

ಫ್ರಾನ್ಸಿನ ರೈತರಿಗೆ ಭೂಮಿಯಾದರೂ ತಮ್ಮದಾಗಿತ್ತು. ಅಮೆರಿಕದ ಮಿನ್ನೆಸೋಟ ರಾಜ್ಯದ ಡಕೋಟ ಜನರ ಕಥೆ ಬೇರೆ. ಅವರು ಆ ನಾಡಿನ ಮೂಲನಿವಾಸಿಗಳು. ಒಪ್ಪಂದಗಳ ಹೆಸರಿನಲ್ಲಿ ಅವರ ಭೂಮಿ ಕೈಬಿಟ್ಟುಹೋಯಿತು. ಕೊಡಬೇಕಾದ ಹಣ ಕಾಲಕ್ಕೆ ಬಾರದೆ ಹಸಿವು ತಲೆದೋರಿದಾಗ 1862ರಲ್ಲಿ ಯುದ್ಧ ನಡೆಯಿತು. ಯುದ್ಧದ ಕೊನೆಯಲ್ಲಿ ಅವರಲ್ಲಿ 38 ಮಂದಿಯನ್ನು ಒಂದೇ ದಿನ ಗಲ್ಲಿಗೇರಿಸಲಾಯಿತು. ಮರುವರ್ಷ ಉಳಿದವರನ್ನು ರಾಜ್ಯದಿಂದ ಹೊರದೂಡಲಾಯಿತು. ಮುಂದೆ ಕೆಲವು ಕುಟುಂಬಗಳು ಒಬ್ಬೊಬ್ಬರಾಗಿ ಹಿಂದಿರುಗಿ ಮಿನ್ನೆಸೋಟ ನದಿಯ ದಡದಲ್ಲಿ ನೆಲೆಸಿದವು. ಅವರ ಇಂದಿನ ಸಮುದಾಯಕ್ಕೆ ಲೋವರ್ ಸೂ ಎಂದು ಹೆಸರು. ಸದಸ್ಯರ ಸಂಖ್ಯೆ ಸುಮಾರು ಒಂದು ಸಾವಿರ. ಭೂಮಿ ಕಡಮೆ, ಮನೆಗಳು ಅದಕ್ಕಿಂತ ಕಡಮೆ. ತಮ್ಮ ಪೂರ್ವಿಕರ ನೆಲದಲ್ಲಿಯೇ ವಾಸಿಸಬೇಕೆಂಬ ಎಷ್ಟೋ ಮಂದಿ ಮನೆಯಿಲ್ಲದೆ ಬೇರೆಡೆ ಇರಬೇಕಾಗಿತ್ತು.

ಈ ಜನ ಹಿಡಿದ ದಾರಿ ಗಮನಾರ್ಹವಾದುದು. ಹೊರಗಿನ ಗುತ್ತಿಗೆದಾರನಿಂದ ಮನೆ ಕಟ್ಟಿಸಿದರೆ ಹಣವೂ ಕೆಲಸವೂ ಹೊರಗೆ ಹೋಗುತ್ತದೆಂದು ಅರಿತು, ಅವರು ತಮ್ಮ ಹೊಲದಲ್ಲಿ ನಾರುಭಂಗಿಯನ್ನು ಬಿತ್ತಿದರು. ತಮ್ಮವರನ್ನೇ ಆಯ್ದು ಗಾರೆ ಕಲಸುವುದನ್ನೂ ಗೋಡೆ ತುಂಬುವುದನ್ನೂ ಕಲಿಸಿದರು. ಬೆಂಡಿನ ಗೋಡೆಯ ಮೊದಲ ಮನೆ 2023ರಲ್ಲಿ ಎದ್ದಿತು. 2024ರಲ್ಲಿ ಕಾಂಡವನ್ನು ಒಡೆದು ನಾರನ್ನೂ ಬೆಂಡನ್ನೂ ಬೇರ್ಪಡಿಸಲು, ಮನೆಯ ಭಾಗಗಳನ್ನು ತಯಾರಿಸಲು 20,000 ಚದರ ಅಡಿಯ ಕಾರ್ಯಾಗಾರವನ್ನು ಸಮುದಾಯದ ವತಿಯಿಂದಲೇ ತೆರೆದರು. ಬೀಜದಿಂದ ಬಾಗಿಲವರೆಗೆ ಎಲ್ಲವೂ ಒಂದೇ ಊರಿನ ಕೈಯಲ್ಲಿ ಇರಬೇಕೆಂಬುದು ಅವರ ಸಂಕಲ್ಪ. ಮೊದಲ ಗಿರಾಕಿಗಳೂ ಅವರೇ ಆಗಿದ್ದುದು ವ್ಯಾಪಾರದ ದೃಷ್ಟಿಯಿಂದ ದೊಡ್ಡ ಅನುಕೂಲ. ಮಾಡಿದ ಸರಕು ಮಾರಾಟವಾಗದೆ ಉಳಿಯಿತೆಂಬ ಭಯವಿಲ್ಲ.

ನಮ್ಮ ದೇಶದಲ್ಲಿ ಈ ಪ್ರಯತ್ನಕ್ಕೆ ಎಡೆಯಾದುದು ಹಿಮಾಲಯದ ತಪ್ಪಲಿನಲ್ಲಿ. ಗಢವಾಲ ಕುಮಾವು ಪ್ರದೇಶಗಳ ಜನರಿಗೆ ಭಂಗಿ ಹೊಸದಲ್ಲ. ಬೀಜವನ್ನು ಹುರಿದು ಚಟ್ನಿ ಅರೆಯುತ್ತಾರೆ. ನಾರಿನಿಂದ ಹಗ್ಗ ಹೊಸೆಯುವುದೂ ಭಂಗೇಲ ಎಂಬ ಒರಟು ಬಟ್ಟೆ ನೇಯುವುದೂ ಹಿಂದಿನಿಂದ ಬಂದ ಕಸುಬು. ಆದರೆ ಬೆಟ್ಟದ ಊರುಗಳು ಬರಿದಾಗುತ್ತ ಬಂದಿವೆ. ದೇಶದ ಜನಸಂಖ್ಯೆಯೆಲ್ಲ ಏರುತ್ತಿದ್ದ ಕಾಲದಲ್ಲಿ ಪೌಡಿ ಗಢವಾಲ ಮತ್ತು ಅಲ್ಮೋಡ ಜಿಲ್ಲೆಗಳ ಜನಸಂಖ್ಯೆ 2001ರಲ್ಲಿದ್ದುದಕ್ಕಿಂತ 2011ರ ಗಣತಿಯಲ್ಲಿ ಇಳಿದಿತ್ತು. ದುಡಿಯುವ ವಯಸ್ಸಿನವರು ಬಯಲುಸೀಮೆಯ ನಗರಗಳಿಗೆ ಇಳಿದುಹೋದರು. ಬೀಗ ಜಡಿದ ಮನೆಗಳೂ ಪಾಳುಬಿದ್ದ ಮೆಟ್ಟಿಲು ಗದ್ದೆಗಳೂ ಉಳಿದವು. ಉಳಿದ ಬೆಳೆಗೆ ಕೋತಿ, ಕಾಡುಹಂದಿಗಳ ಕಾಟ.

ಉತ್ತರಾಖಂಡ ಸರ್ಕಾರವು 2018ರಲ್ಲಿ ಅಮಲಿನ ಅಂಶ ಶೇಕಡ 0.3ನ್ನು ಮೀರದ ತಳಿಗಳನ್ನು ಪರವಾನಿಗೆಯ ಮೇಲೆ ಬೆಳೆಯಲು ಅವಕಾಶ ಕೊಟ್ಟಿತು. ಮೂರು ವರ್ಷಗಳ ತರುವಾಯ, 2021ರಲ್ಲಿ, ಪೌಡಿ ಗಢವಾಲ ಜಿಲ್ಲೆಯ ಯಮಕೇಶ್ವರದ ಕಡೆ ಬೆಂಡಿನ ಗೋಡೆಯ ವಸತಿಗೃಹವೊಂದು ಸಿದ್ಧವಾಯಿತು. ಅದನ್ನು ಕಟ್ಟಿದವರು ವಾಸ್ತುಶಿಲ್ಪ ಓದಿ ನಗರದಿಂದ ಹಿಂದಿರುಗಿದ ಯುವಜನರು. ಬೆಟ್ಟದ ಇಳಿಜಾರಿನಲ್ಲಿ ಇಟ್ಟಿಗೆ, ಮರಳು, ಸಿಮೆಂಟುಗಳನ್ನು ಹೇಸರಗತ್ತೆಯ ಮೇಲೆ ಹೇರಿ ತರುವ ಖರ್ಚನ್ನು ಬಲ್ಲವರಿಗೆ ಈ ಹಗುರ ಗೋಡೆಯ ಬೆಲೆ ಗೊತ್ತಾಗುತ್ತದೆ.

ಒಂದು ಕಟ್ಟಡದಿಂದ ಒಂದು ಉದ್ಯಮವಾಗಲಿಲ್ಲ, ನಿಜ. ಚದುರಿದ ಚಿಕ್ಕ ಹಿಡುವಳಿಗಳಿಂದ ಕಾಂಡವನ್ನು ಒಂದೆಡೆ ಸೇರಿಸುವುದೇ ಅಲ್ಲಿ ಕಷ್ಟ. ಪರವಾನಿಗೆಗಾಗಿ ಕಚೇರಿಗಳಿಗೆ ಅಲೆಯುವುದು ಬೆಟ್ಟದ ಬಡ ರೈತನಿಗೆ ಬೆಳೆಯುವುದಕ್ಕಿಂತ ಕಷ್ಟವೆಂದರೂ ತಪ್ಪಲ್ಲ. ಇವೆಲ್ಲಕ್ಕೂ ಮಿಗಿಲಾದ ತೊಡಕು ಕಾಲದ್ದು. ಕಾಂಡ ಕೊಯ್ಲಿಗೆ ಬರುವುದು ಮಳೆಗಾಲ ಮುಗಿದ ಮೇಲೆ. ಅದನ್ನು ಒಣಗಿಸಿ, ನಾರು ಬಿಡಿಸಿ, ಬೆಂಡನ್ನು ಚೂರು ಮಾಡುವಷ್ಟರಲ್ಲಿ ಚಳಿ ಬಂದಿರುತ್ತದೆ. ಚಳಿಯಲ್ಲಿ ಗೋಡೆ ಒಣಗದು. ಆದುದರಿಂದ ಈ ವರ್ಷದ ಬೆಳೆ ಗೋಡೆಯಾಗುವುದು ಮುಂದಿನ ಬೇಸಗೆಯಲ್ಲಿ. ಮನೆಯೊಡೆಯ ಹಣ ಕೊಡುವುದು ಅದಕ್ಕೂ ಆಮೇಲೆ. ರೈತನಾದರೋ ಕೊಯ್ಲಾದ ದಿನವೇ ಕೈಗೆ ಹಣ ಬಾರದಿದ್ದರೆ ಮರುವರ್ಷ ಬಿತ್ತುವುದಿಲ್ಲ. ಆ ಆರೇಳು ತಿಂಗಳ ಹೊರೆಯನ್ನು ಓಬ್‌ನಲ್ಲಿ ಸಹಕಾರ ಸಂಘ ಹೊತ್ತಿತು, ಮಿನ್ನೆಸೋಟದಲ್ಲಿ ಸಮುದಾಯದ ಬೊಕ್ಕಸ ಹೊತ್ತಿತು. ಗಢವಾಲದಲ್ಲಿ ಅದನ್ನು ಹೊರುವ ಸಂಘ ಹಳ್ಳಿಹಳ್ಳಿಗಳಲ್ಲಿ ಇನ್ನು ಮೇಲೆ ಕಟ್ಟಬೇಕಾಗಿದೆ.