ಬೇರಿಂಗೂ ಅಲ್ಲ, ಟ್ಯಾಪೆಟ್ಟೂ ಅಲ್ಲ

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬರುವ ದಾರಿ. ಊರು ಇನ್ನು ನಾಲ್ಕೈದು ಕಿಲೋಮೀಟರ್ ಇದೆ ಅನ್ನುವಾಗ, ಬಣ್ಣ ಅಳಿಸಿಹೋದ ಹಂಪೊಂದು ನನ್ನ ಕಣ್ಣಿಗೆ ಬೀಳಲಿಲ್ಲ. ಕಾರು ಎಗರಿ ಬಿತ್ತು. ಬಿದ್ದಿದ್ದೇ ತಡ, ಬಾನೆಟ್ಟಿನೊಳಗೆ ಯಾರೋ ತಮಟೆ ಹಿಡಿದು ಕೂತಂತೆ ಡಬಡಬ ಶುರುವಾಯಿತು. ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ನಿಲ್ಲಿಸಿ ನೋಡಿದರು.

ಕಾರು ನಮ್ಮಪ್ಪನದು, 1993ರ ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಅದನ್ನು ಪದ್ಮಿನಿ ಅಂದವರು ಕಡಿಮೆ, ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. ನಂಬರು ಕೆಎ-07, ಅಂದರೆ ಕೋಲಾರ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಹೊಸ ಗಾಡಿಗಳಿಗೆ ಕೆಎ-40 ಬಂದರೂ ನಮ್ಮ ಫಿಯೆಟ್ಟು ಮಾತ್ರ ಇನ್ನೂ ಹಳೇ ಜಿಲ್ಲೆಯಲ್ಲೇ ಉಳಿದಿದೆ.

ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಹುಡುಗನೊಬ್ಬ ಮೊಬೈಲಿನಿಂದ ತಲೆಯೆತ್ತಿ ಹತ್ತು ಸೆಕೆಂಡ್ ಕೇಳಿದ. ‘ಬೇರಿಂಗ್ ಹೊಡೆದಿದೆ. ಎಂಜಿನ್ ಇಳಿಸ್ಬೇಕು’ ಅಂದ. ಎಷ್ಟಾಗುತ್ತೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಬೇರಿಂಗ್ ನಿಜಕ್ಕೂ ಹೋಗಿದ್ದರೆ ಗಾಡಿ ಓಡಿಸುವುದೇ ತಪ್ಪು. ಕನೆಕ್ಟಿಂಗ್ ರಾಡ್ ತುಂಡಾಗಿ ಬ್ಲಾಕನ್ನೇ ಒಡೆದುಕೊಂಡು ಹೊರಬರುವುದುಂಟು. ಅಷ್ಟು ಗೊತ್ತಿದ್ದೂ ಎರಡನೇ ಗೇರಿನಲ್ಲಿ ಶಿಡ್ಲಘಟ್ಟದವರೆಗೆ ಉರುಳಿಸಿಕೊಂಡು ಬಂದೆ. ಅದು ಜಾಣತನವಾಗಿರಲಿಲ್ಲ.

ರೇಷ್ಮೆ ಗೂಡಿನ ಮಾರ್ಕೆಟ್ಟಿನ ಆಚೆ, ಅಪ್ಪನ ಕಾಲದಿಂದಲೂ ಗೊತ್ತಿರುವ ಭಾಯ್ ಒಬ್ಬರ ಶೆಡ್ಡಿದೆ. ಅವರು ಬಾನೆಟ್ ತೆಗೆಯುವ ಮೊದಲೇ ಕೇಳಿದರು: ‘ಸೌಂಡು ದಡಕ್ಕಂತ ಬಂತಾ ಸಾರ್, ಇಲ್ಲಾ ದಿನಾ ಇಷ್ಟಿಷ್ಟೇ ಜಾಸ್ತಿ ಆಯ್ತಾ?’

ದಡಕ್ಕಂತ ಬಂತು ಅಂದೆ.

‘ಆಯಿಲ್ ಲೈಟ್ ಹತ್ತಿತ್ತಾ?’

ಇಲ್ಲ.

ಅರ್ಧ ಚಿಂತೆ ಅಲ್ಲೇ ಕಳೆದವರಂತೆ ತಲೆಯಾಡಿಸಿ ಆಯಿಲ್ ಕಡ್ಡಿ ಎಳೆದು ನೋಡಿದರು. ಎರಡು ಗೆರೆಗಳ ನಡುವೆ ಸರಿಯಾಗಿತ್ತು. ಬೇರಿಂಗ್ ಸವೆಯುವುದು ಸಾಮಾನ್ಯವಾಗಿ ನಿಧಾನವಾಗಿ. ಆಯಿಲ್ ಇಲ್ಲದೆ ಓಡಿಸಿದರೆ ಮಾತ್ರ ಅದು ಏಕಾಏಕಿ ಕೈಕೊಡುವುದು ಹೆಚ್ಚು. ಆಯಿಲ್ ಇದ್ದು, ಪ್ರೆಷರ್ ಇದ್ದು, ಹಂಪಿನ ಮೇಲೆ ಹಾರಿದ ಗಳಿಗೆಯಲ್ಲೇ ಸದ್ದು ಬಂದಿದೆ ಅಂದರೆ ಅನುಮಾನ ಬೇರೆ ಕಡೆ ತಿರುಗಬೇಕು. ಸ್ಪ್ಯಾನರ್ ಮುಟ್ಟದೆ ಇಷ್ಟು ತಿಳಿಯಿತು.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದರು. ತುದಿ ಎಂಜಿನ್ನಿನ ಮೇಲೆ, ಹಿಡಿ ಕಿವಿಯ ಪಕ್ಕದ ಮೂಳೆಗೆ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದೇ ಸ್ಟೆತೊಸ್ಕೋಪಿಗೆ ಮೊದಲು. ಭಾಯ್ ಮಾಡುತ್ತಿದ್ದುದೂ ಅದೇ ಕೆಲಸ. ವಾಟರ್ ಪಂಪ್, ಡೈನಮೋ, ಚೈನ್ ಕವರ್ ಎಲ್ಲ ಬೇಗ ಮುಗಿದವು. ಟ್ಯಾಪೆಟ್ ಕವರಿನ ಮೇಲೆ ಮಾತ್ರ ಸ್ವಲ್ಪ ಹೊತ್ತು ನಿಂತರು.

ಇಲ್ಲಿ ಒಂದು ಲೆಕ್ಕವಿದೆ, ಹಳೇ ಗಾಡಿ ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದ್ದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಟ್ಯಾಪೆಟ್ ಎತ್ತುವ ಕ್ಯಾಮ್ ಒಂದೇ ಸುತ್ತು. ಐಡ್ಲಿಂಗಿನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸಡಿಲವಾದ ಒಂದು ಟ್ಯಾಪೆಟ್ 400 ಸಲ ಬಡಿಯುತ್ತದೆ, ಮೇಲುಭಾಗದಲ್ಲಿ, ಟಿಕ್ ಟಿಕ್ ಅಂತ ತೆಳುವಾಗಿ. ರಾಡಿನ ಬೇರಿಂಗ್ ಆದರೆ ಅದರ ಇಮ್ಮಡಿ, ಕೆಳಗಿನಿಂದ, ಬಾಗಿಲು ತಟ್ಟಿದಂತೆ ದಪ್ಪ ಸದ್ದು. ಆಯಿಲ್ ಬಿಸಿಯಾಗಿ ತೆಳ್ಳಗಾದಂತೆ ಬೇರಿಂಗಿನ ಸದ್ದು ಏರುತ್ತದೆ. ಎಗ್ಸಾಸ್ಟಿನಲ್ಲಿ ಸಣ್ಣ ಬಿರುಕಿದ್ದರೆ ತದ್ವಿರುದ್ಧ: ಬೆಳಿಗ್ಗೆ ತಣ್ಣಗಿದ್ದಾಗ ಜೋರು, ಕಬ್ಬಿಣ ಕಾದು ಹಿಗ್ಗಿ ಸಂದು ಮುಚ್ಚಿಕೊಂಡ ಮೇಲೆ ಸದ್ದು ಅಡಗುತ್ತದೆ. ಆ ಗ್ಯಾರೇಜಿನ ಹುಡುಗ ಇವ್ಯಾವನ್ನೂ ಕೇಳಿರಲಿಲ್ಲ.

ಕಿವಿ ಇಟ್ಟು ಕೇಳುವ ಮಾತು ಬಂದರೆ ನಮ್ಮ ಜಿಲ್ಲೆಯವರಿಗೆ ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿ ನೆನಪಾಗದೆ ಇರುವುದಿಲ್ಲ. ರೈಲಿನಲ್ಲಿ ಕೂತಿದ್ದ ವಿಶ್ವೇಶ್ವರಯ್ಯನವರು ಗಾಲಿಯ ಸದ್ದು ಬದಲಾದದ್ದು ಕೇಳಿ ಚೈನು ಎಳೆದರು, ಮುಂದೆ ಹಳಿ ಬಿಟ್ಟುಕೊಂಡಿತ್ತು ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು. ಕಥೆ ನಡೆದದ್ದೋ ಕಟ್ಟಿದ್ದೋ, ನನಗೆ ತಕರಾರಿಲ್ಲ. ಇನ್ನೊಂದು ಮಾತು ಮಾತ್ರ ನಡೆದದ್ದೇ. 1930ರ ದಶಕದಲ್ಲಿ ಅವರು ಈ ದೇಶದಲ್ಲೇ ಕಾರು ತಯಾರಿಸುವ ಯೋಜನೆ ಬರೆದು ಸರ್ಕಾರದ ಬೆನ್ನು ಬಿದ್ದರು. ಬ್ರಿಟಿಷರು ಮನಸ್ಸು ಮಾಡಲಿಲ್ಲ. ಆ ಹಂಬಲವನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರುಮಾಡಿದ್ದು 1944ರಲ್ಲಿ. ನಮ್ಮ ಫಿಯೆಟ್ಟು ಅದೇ ಕಂಪನಿಯದು. ಹಾಗೆ ನೋಡಿದರೆ ನಂಟಸ್ತಿಕೆಯಲ್ಲಿ ಅದೂ ಈ ಕಡೆಯದೇ.

ಭಾಯ್ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಹಾಕಿದರು. ಬೇರಿಂಗ್ ಹೋದ ಸಿಲಿಂಡರಿನ ವೈರು ಕಿತ್ತಾಗ ಮೇಲಿನ ಒತ್ತಡ ತಪ್ಪಿ ಬಡಿತ ಇಳಿಯಬೇಕು. ನಾಲ್ಕು ಸಲವೂ ಎಂಜಿನ್ ಕುಂಟಿತು, ಸದ್ದು ಮಾತ್ರ ಹಾಗೇ ಇತ್ತು. ‘ಬೇರಿಂಗಲ್ಲ’ ಅಂದರು. ನಾನು ಪಕ್ಕದ ಟೈರಿನ ಮೇಲೆ ಕೂತೆ.

ಕೊನೆಯದು ನನಗೆ ಬಹಳ ಹಿಡಿಸಿತು. ಕೆಲಸದ ಹುಡುಗ ಒದ್ದೆ ಗೋಣಿಯ ಮುದ್ದೆ ತಂದು, ಹಿಂದೆ ಕೂತು, ಸೈಲೆನ್ಸರಿನ ಬಾಯಿಗೆ ಒತ್ತಿ ಹಿಡಿದ. ಹೊಗೆಗೆ ದಾರಿಯಿಲ್ಲದೆ ಎಂಜಿನ್ ಉಸಿರುಗಟ್ಟಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬದಲಿಗೆ ಮುಂದಿನಿಂದ ಬುಸ್ಸೆಂದು ಬಿಸಿಗಾಳಿ ನುಗ್ಗಿತು. ಭಾಯ್ ಟಾರ್ಚ್ ಹಾಕಿ, ‘ಬನ್ನಿ, ನೋಡಿ’ ಅಂದರು. ಮ್ಯಾನಿಫೋಲ್ಡಿಗೆ ಸೈಲೆನ್ಸರ್ ಪೈಪು ಸೇರುವ ಜಾಗದಲ್ಲಿ ಕಾಡಿಗೆಯ ಹಾಗೆ ನುಣ್ಣನೆ ಮಸಿ, ಬೀಸಣಿಗೆ ಬಿಚ್ಚಿದಂತೆ ಹರಡಿತ್ತು. ಒಂದು ನಟ್ ಕಾಣೆ. ಇನ್ನೊಂದು ಬೆರಳಿಗೇ ತಿರುಗುವಷ್ಟು ಸಡಿಲ. ಪ್ಯಾಕಿಂಗ್ ಅರ್ಧ ಹಾರಿಹೋಗಿತ್ತು. ಬಹಳ ದಿನದಿಂದ ಬಿಟ್ಟುಕೊಳ್ಳುತ್ತಿದ್ದ ಜಾಯಿಂಟನ್ನು ಹಂಪು ಪೂರ್ತಿ ಬಿಡಿಸಿತ್ತು, ಅಷ್ಟೆ.

‘ತಲೆ ನೋಯ್ತಿದೆಯಾ?’ ಅಂತ ಕೇಳಿದರು. ನೋಯುತ್ತಿತ್ತು, ಭಯಕ್ಕೆ ಅಂದುಕೊಂಡಿದ್ದೆ. ಅಲ್ಲಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹಳೇ ಕಾರಿನ ತುಕ್ಕು ಹಿಡಿದ ಸಂದುಗಳಿಂದ ಒಳಗೆ ಬಂದರೆ ತಲೆನೋವು, ಮಂಪರು; ಹೆಚ್ಚಾದರೆ ಪ್ರಾಣಕ್ಕೇ ಕುತ್ತು. ಕಿಟಕಿ ತೆರೆದಿದ್ದದ್ದು ನನ್ನ ಪುಣ್ಯ. ಸದ್ದು ಕೇಳಿಸದಿರಲಿ ಅಂತ ಗ್ಲಾಸು ಏರಿಸಿ ಹಾಡು ಜೋರು ಮಾಡಿಕೊಳ್ಳುವವರನ್ನು ನಾನು ಬಲ್ಲೆ.

ಕಾದ ಕಬ್ಬಿಣದ ಮೇಲೆ ಸ್ಪ್ಯಾನರ್ ಹಾಕಿದರೆ ಸ್ಟಡ್ಡೇ ಮುರಿಯುತ್ತದೆ, ಆರಲಿ ಅಂದರು. ಆ ಹೊತ್ತಿಗೆ ಪಕ್ಕದ ಬೀದಿಯ ರೀಲಿಂಗ್ ಯೂನಿಟ್ಟಿಗೆ ಹೋಗಿ ನಿಂತೆ. ಬಿಸಿನೀರಿನ ಬೇಸಿನ್ನಿನಲ್ಲಿ ಕುದ್ದ ಗೂಡುಗಳಿಂದ ಒಬ್ಬಾಕೆ ಎಳೆಯ ತುದಿ ಹುಡುಕುತ್ತಿದ್ದರು. ಭಾಯ್ ಕೆಲಸಕ್ಕೂ ಇದಕ್ಕೂ ಒಂದು ಹೋಲಿಕೆ ಹೊಳೆಯಿತು. ಬೆಂದ ಪ್ಯೂಪಾ ವಾಸನೆಗೆ ಹೋಲಿಕೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಹೊಸ ಪ್ಯಾಕಿಂಗ್, ಹೊಸ ನಟ್‌ಗಳು. ನಟ್ ಹಿತ್ತಾಳೆಯವು. ಕಬ್ಬಿಣದವು ಹಾಕಿದರೆ ಬಿಸಿಗೆ ತುಕ್ಕು ಕಚ್ಚಿಕೊಂಡು ಮುಂದಿನ ಸಲ ಬಿಚ್ಚಲಾಗುವುದಿಲ್ಲವಂತೆ. ಎಲ್ಲ ಸೇರಿ ಮುನ್ನೂರೈವತ್ತು ರೂಪಾಯಿ.

ಕೀ ತಿರುಗಿಸಿದೆ. ತಮಟೆ ನಿಂತಿತ್ತು. ಆ ನಿಶ್ಶಬ್ದದಲ್ಲಿ ಸಣ್ಣಗೆ ಇನ್ನೊಂದು ಸದ್ದು, ಟಿಕ್ ಟಿಕ್ ಟಿಕ್. ನನ್ನ ಮುಖ ನೋಡಿ ಭಾಯ್ ನಕ್ಕರು.

‘ಟ್ಯಾಪೆಟ್ ಸಾರ್. ನಿಮ್ಮಪ್ಪನ ಕಾಲದಿಂದ್ಲೂ ಐತೆ. ಟೈಟ್ ಮಾಡಿದ್ರೆ ಸೌಂಡ್ ಹೋಗ್ತದೆ, ಆಮೇಲೆ ವಾಲ್ವ್ ಸುಟ್ಟು ಹೋಗ್ತದೆ. ಇರ್ಲಿ ಬಿಡಿ.’