ಅರಿಸಿನಕ್ಕೆ ಮೆಣಸು ಜೊತೆಯಾದಾಗ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಮುಖ್ಯ ಬೆಳೆಗಳಲ್ಲಿ ಅರಿಸಿನವೂ ಒಂದು. ನೆಟ್ಟ ಗಡ್ಡೆಯು ಎಂಟೊಂಬತ್ತು ತಿಂಗಳು ನೆಲದಲ್ಲಿದ್ದು ಬಲಿಯುತ್ತದೆ. ಅಗೆದುದನ್ನು ಬೇಯಿಸಿ, ಬಿಸಿಲಿನಲ್ಲಿ ಒಣಗಿಸಿ, ಉಜ್ಜಿ ನಯಮಾಡಿದರೆ ಸಂತೆಯ ಅರಿಸಿನದ ಕೊಂಬು ಸಿದ್ಧವಾಗುತ್ತದೆ. ನೆಗಡಿಯಾದವರಿಗೆ ಅರಿಸಿನ, ಮೆಣಸು ಹಾಕಿ ಕಾಯಿಸಿದ ಹಾಲನ್ನು ಕೊಡುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಈ ಹಾಲಿಗೆ ಯಾರೂ ಅಂಜಬೇಕಾಗಿಲ್ಲ. ಅದೇ ಎರಡು ಪದಾರ್ಥಗಳ ಸಾರವನ್ನಿಳಿಸಿ ತುಂಬಿದ ಗುಳಿಗೆಯ ಮಾತು ಬೇರೆ.

ಅರಿಸಿನಕ್ಕೆ ಬಣ್ಣವನ್ನೀಯುವ ಕುರ್ಕ್ಯುಮಿನ್ ಎಂಬ ವಸ್ತುವು ಪುಡಿಯ ತೂಕದಲ್ಲಿ ನೂರಕ್ಕೆ ಸುಮಾರು 3 ಪಾಲಿನಷ್ಟಿರುತ್ತದೆ. ಎಂದರೆ ಒಂದು ಗ್ರಾಂ ಪುಡಿಯಲ್ಲಿ 30 ಮಿಲಿಗ್ರಾಂ. ಗುಳಿಗೆಯೊಂದರಲ್ಲಿ 500 ಮಿಲಿಗ್ರಾಂ ಇರುವುದು ಸಾಮಾನ್ಯ. ಅಷ್ಟನ್ನು ಪುಡಿಯಿಂದಲೇ ಪಡೆಯಬೇಕಾದರೆ 16 ಗ್ರಾಮಿಗೂ ಹೆಚ್ಚು ಅರಿಸಿನವನ್ನು ತಿನ್ನಬೇಕಾದೀತು! ಯಾವ ಅಡುಗೆಯವನೂ ಸಾರಿಗೆ ಅಷ್ಟು ಹಾಕಲಾರನು.

ಹಾಗಿದ್ದರೂ ಬಹುಕಾಲ ಇದರಿಂದ ಕೇಡಾದುದು ಅಪರೂಪ. ಕಾರಣವೇನು? ಕುರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಸೇರಿದುದಕ್ಕೂ ಕರುಳಿನ ಗೋಡೆ ಮತ್ತು ಯಕೃತ್ತು ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಬೇಗನೆ ಹೊರದೂಡುತ್ತವೆ. ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಈ ಕೆಲಸಕ್ಕೆ ತಡೆಯೊಡ್ಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಇದನ್ನು ತೋರಿಸಿಕೊಟ್ಟರು. ಆರೋಗ್ಯವಂತರಿಗೆ 2 ಗ್ರಾಂ ಕುರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಜೊತೆಗೆ ಕೇವಲ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ದೊರೆತ ಪ್ರಮಾಣವು ಸುಮಾರು 20 ಪಟ್ಟಾಯಿತು. ಔಷಧವನ್ನು ಯಾವುದರೊಡನೆ ಸೇವಿಸಬೇಕೆಂಬುದನ್ನು ಆಯುರ್ವೇದವು ಅನುಪಾನವೆಂದು ಪ್ರತ್ಯೇಕವಾಗಿಯೇ ವಿಚಾರಿಸುತ್ತದೆ. ಅದು ಬರಿಯ ಉಪಚಾರದ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಆದರೆ ತಡೆಯನ್ನು ತೆರೆದರೆ ಒಳಬರುವುದು ಗುಣವೊಂದೇ ಅಲ್ಲ. ಅರಿಸಿನದ ಗುಳಿಗೆಗಳಿಂದ ಯಕೃತ್ತು ಕೆಟ್ಟ 10 ಮಂದಿಯ ವೃತ್ತಾಂತವು 2022ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಅವರಲ್ಲಿ ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಪರೀಕ್ಷೆಗೆ ದೊರೆತ 7 ಗುಳಿಗೆಗಳಲ್ಲಿ ಮೂರರಲ್ಲಿ ಪೈಪರಿನ್ ಇತ್ತು. 10 ಮಂದಿಯ ಪೈಕಿ 7 ಮಂದಿಯಲ್ಲಿ ಒಂದೇ ಬಗೆಯ ವಂಶವಾಹಿ ಇದ್ದುದರಿಂದ, ನೆರೆಯವನಿಗೆ ಒಗ್ಗಿದ ಗುಳಿಗೆ ನಮಗೂ ಒಗ್ಗೀತೆಂದು ಹೇಳುವಂತಿಲ್ಲ.

ಪೈಪರಿನ್ನಿನ ಕೈವಾಡ ಕುರ್ಕ್ಯುಮಿನ್ನಿಗೇ ಮುಗಿಯುವುದಿಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಕೂಡ ಅದರಿಂದ ರಕ್ತದಲ್ಲಿ ಏರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ವೈದ್ಯರನ್ನು ಕೇಳದೆ ಇಂತಹ ಗುಳಿಗೆಗಳನ್ನು ಮುಟ್ಟಬಾರದು.

ಗುಳಿಗೆ ಸೇವಿಸುವಾಗ ಹಸಿವು ಇಂಗಿ, ಓಕರಿಕೆ ಬಂದು, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅಥವಾ ಕಣ್ಣು ಹಳದಿಯಾದರೆ ಆ ದಿನವೇ ಅದನ್ನು ನಿಲ್ಲಿಸಬೇಕು. ಕಾಮಾಲೆಯೆಂದು ಇನ್ನೊಂದು ಬೇರನ್ನು ಅರೆದು ಕುಡಿಯುವುದು ಬೆಂಕಿಗೆ ತುಪ್ಪ ಸುರಿದಂತೆ. ರಕ್ತಪರೀಕ್ಷೆಯಿಂದ ಯಕೃತ್ತಿನ ಸ್ಥಿತಿ ತಿಳಿಯುತ್ತದೆ. ಸಕಾಲದಲ್ಲಿ ಬಿಟ್ಟವರಲ್ಲಿ ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ವೈದ್ಯರಲ್ಲಿಗೆ ಹೋಗುವಾಗ ಗುಳಿಗೆಯ ಸೀಸೆಯನ್ನೂ ಕೊಂಡೊಯ್ಯಬೇಕು. ಪೈಪರಿನ್ನಿನ ಹೆಸರು ಸಾಮಾನ್ಯವಾಗಿ ಚೀಟಿಯ ಅತಿ ಸಣ್ಣ ಅಕ್ಷರಗಳಲ್ಲಿರುತ್ತದೆ.