ಹತ್ತರ ನಾಣ್ಯ ನಡೆಯುತ್ತದೆ, ನಡೆಸೋಣ

ಕನ್ನಡದಲ್ಲಿ ‘ಚಿಲ್ಲರೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಬಿಡಿ ಹಣ. ಇನ್ನೊಂದು, ಲೆಕ್ಕಕ್ಕೆ ಬಾರದ ಅಲ್ಪ ವಿಷಯ. ‘ಚಿಲ್ಲರೆ ಬುದ್ಧಿ’, ‘ಚಿಲ್ಲರೆ ಜಗಳ’ ಎಂದು ಬೈಯುವಾಗ ನಾವು ಬಳಸುವುದು ಈ ಎರಡನೆಯ ಅರ್ಥವನ್ನು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ಅದರಲ್ಲಿ ಹೆಚ್ಚು ಕಾಲ ಕ್ಯಾಷ್ ಕೌಂಟರಿನಲ್ಲೇ ಕುಳಿತು ದುಡ್ಡು ಎಣಿಸಿದವನು ನಾನು. ಸಂಜೆ ಲೆಕ್ಕ ಮುಗಿಸುವಾಗ ಒಂದು ರೂಪಾಯಿ ಕಡಿಮೆ ಬಂದರೂ ಅದು ಸಿಗುವವರೆಗೆ ಹುಡುಕಬೇಕಿತ್ತು. ಲಕ್ಷ ಸರಿಯಿದೆಯಲ್ಲ, ಒಂದು ರೂಪಾಯಿ ತಾನೇ ಎಂಬ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಚಿಲ್ಲರೆ ಎಂದರೆ ಅಲ್ಪ ಎಂಬುದನ್ನು ನಾನು ಒಪ್ಪುವವನಲ್ಲ.

ಈಗ ಊರಿನಲ್ಲಿ ಇನ್ನೊಂದು ಮಾತು ಹಬ್ಬಿದೆ. ಹತ್ತು ರೂಪಾಯಿಯ ನಾಣ್ಯ ಕೊಟ್ಟರೆ ಸಾಕು, ‘ಇದು ನಡೆಯೋದಿಲ್ಲ, ನೋಟು ಕೊಡಿ’ ಎನ್ನುತ್ತಾರೆ. ಸರ್ಕಾರ ಟಂಕಿಸಿದ ನಾಣ್ಯ ನಡೆಯುವುದಿಲ್ಲ ಎಂದು ಹೇಳಿದವರು ಯಾರು? ಇದರಿಂದ ನಷ್ಟವಾಗುವುದು ಯಾರಿಗೆ? ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕುಳಿತು ಯೋಚಿಸಬೇಕಾದ ವಿಷಯ ಇದು.

ಆಣೆ ಹೋಗಿ ಪೈಸೆ ಬಂದಾಗ

ಮಕ್ಕಳೇ, ಹಿರಿಯರು ‘ಹದಿನಾರಾಣೆ ಸತ್ಯ’ ಎನ್ನುವುದನ್ನು ನೀವು ಕೇಳಿರಬಹುದು. ಹದಿನಾರೇ ಏಕೆ? ಹಿಂದೆ ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ ಇದ್ದವು. ಹದಿನಾರಾಣೆ ಎಂದರೆ ಒಂದು ರೂಪಾಯಿ, ಏನೂ ಕೊರತೆಯಿಲ್ಲದ ಪೂರ್ಣ ಎಂದು ಅರ್ಥ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ಪೈಸೆ ಆಯಿತು. ಹಳೆಯ ಪೈಸೆಯ ಜೊತೆ ಗೊಂದಲವಾಗದಿರಲಿ ಎಂದು ಮೊದಮೊದಲು ‘ನಯಾ ಪೈಸೆ’ ಎನ್ನುತ್ತಿದ್ದರು. 1964ರಲ್ಲಿ ‘ನಯಾ’ ಬಿಟ್ಟುಹೋಯಿತು.

ಆಗ ನಾನು ಚಿಕ್ಕ ಹುಡುಗ. ಕೆಲವು ವರ್ಷ ಹಳೆಯದೂ ಹೊಸದೂ ಜೊತೆಯಲ್ಲೇ ಓಡಾಡಿದವು. ನಮ್ಮೂರ ಅಂಗಡಿಯ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದರು: ಒಂದು ಆಣೆಗೆ 6 ನಯಾ ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಇದರಲ್ಲಿ ಒಂದು ಒಗಟು ಅಡಗಿದೆ, ನೋಡಿ. ನಾಲ್ಕಾಣೆಯನ್ನು ಒಟ್ಟಿಗೆ ತಂದವನಿಗೆ 25 ಪೈಸೆ ಸಿಗುತ್ತಿತ್ತು. ದಿನಕ್ಕೊಂದು ಆಣೆಯಂತೆ ನಾಲ್ಕು ದಿನ ತಂದವನಿಗೆ ನಾಲ್ಕಾರಲೆ 24. ಆ ಒಂದು ಪೈಸೆ ಎಲ್ಲಿ ಹೋಯಿತು? ಒಂದು ಆಣೆ ಸರಿಯಾಗಿ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇರಲಿಲ್ಲವಾದ್ದರಿಂದ ಅದು ಕೈಬಿಟ್ಟುಹೋಗುತ್ತಿತ್ತು. ಮೋಸ ಯಾರದೂ ಅಲ್ಲ. ಆದರೆ ಬಿಡಿಬಿಡಿಯಾಗಿ ದುಡ್ಡು ತರುವವನೇ, ಅಂದರೆ ಬಡವನೇ, ಆ ಪೈಸೆ ಕಳೆದುಕೊಳ್ಳುತ್ತಿದ್ದ. ಈ ಒಗಟನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಣೆ ಹೋದರೂ ಮಾತಿನಲ್ಲಿ ಉಳಿಯಿತು. 25 ಪೈಸೆಯನ್ನು ನಾವು ನಾಲ್ಕಾಣೆ ಎಂದೇ ಕರೆದೆವು, ಉತ್ತರ ಕರ್ನಾಟಕದವರು ಚಾರಾಣೆ ಎಂದರು. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ಮುಗಿಯಿತು. ಎಂಟಾಣೆ ಮಾತ್ರ ಕಾನೂನಿನ ಪ್ರಕಾರ ಇಂದಿಗೂ ನಡೆಯುವ ನಾಣ್ಯ, ಪೇಟೆಯಲ್ಲಿ ಕಾಣಿಸುವುದಿಲ್ಲ ಅಷ್ಟೆ. ಸರ್ಕಾರ ಒಂದು ನಾಣ್ಯವನ್ನು ಹಿಂದಕ್ಕೆ ಪಡೆಯಬೇಕಾದರೆ ಹೀಗೆ ಮುಂಚಿತವಾಗಿ ದಿನ ಗೊತ್ತುಮಾಡಿ ಎಲ್ಲರಿಗೂ ತಿಳಿಸುತ್ತದೆ. ಹತ್ತರ ನಾಣ್ಯದ ವಿಷಯದಲ್ಲಿ ಅಂಥ ಯಾವ ಆದೇಶವೂ ಹೊರಟಿಲ್ಲ.

ಗಾಳಿಮಾತಿನ ಹುಟ್ಟು

ಹಾಗಾದರೆ ಈ ಗಾಳಿಮಾತು ಹುಟ್ಟಿದ್ದು ಹೇಗೆ? ಹತ್ತರ ನಾಣ್ಯಗಳೆಲ್ಲ ಒಂದೇ ರೀತಿ ಇಲ್ಲ. ಕೆಲವುಗಳ ಮೇಲೆ ರೂಪಾಯಿಯ ಚಿಹ್ನೆ ಇದೆ, ಕೆಲವುಗಳ ಮೇಲಿಲ್ಲ. ಕೆಲವುಗಳಲ್ಲಿ ಹತ್ತು ಗೆರೆ, ಕೆಲವುಗಳಲ್ಲಿ ಹದಿನೈದು. ‘ಹತ್ತು ಗೆರೆಯದು ಅಸಲಿ, ಮಿಕ್ಕದ್ದು ನಕಲಿ’ ಎಂದು ಯಾರೋ ಹೇಳಿದರು, ಮೊಬೈಲಿನಿಂದ ಮೊಬೈಲಿಗೆ ಅದು ಹಾರಿತು.

ಉತ್ತರ ಬಹಳ ಸುಲಭ. ರೂಪಾಯಿ ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡಿದ್ದೇ 2010ರ ಜುಲೈಯಲ್ಲಿ. ಅದಕ್ಕೂ ಮೊದಲು ಟಂಕಿಸಿದ ನಾಣ್ಯದ ಮೇಲೆ ಆ ಚಿಹ್ನೆ ಎಲ್ಲಿಂದ ಬರಬೇಕು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯಾದೀತು! 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಪ್ರಕಟಣೆ ಹೊರಡಿಸಿ, ಅದುವರೆಗೆ ಹತ್ತರ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ಸ್ಪಷ್ಟವಾಗಿ ಹೇಳಿತು. ಆಮೇಲೂ ಹೊಸ ವಿನ್ಯಾಸಗಳು ಬಂದಿವೆ.

ಇದರ ತಮ್ಮ ಇಪ್ಪತ್ತರ ನಾಣ್ಯ. ಹತ್ತರದ್ದು ದುಂಡಗೆ, ಹೊರಗೆ ಹಳದಿ ಉಂಗುರ, ಒಳಗೆ ಬಿಳಿ. ಇಪ್ಪತ್ತರದ್ದು ಹನ್ನೆರಡು ಮೂಲೆಯದು, ಹೊರಗೆ ಬಿಳಿ ಉಂಗುರ, ಒಳಗೆ ಹಳದಿ. ಕಣ್ಣು ಮಂಜಾದ ಹಿರಿಯರು ಅಂಚನ್ನು ಬೆರಳಿನಿಂದ ಸವರಿದರೂ ಗೊತ್ತಾಗುತ್ತದೆ. ಮೊಮ್ಮಕ್ಕಳು ಒಮ್ಮೆ ತೋರಿಸಿಕೊಟ್ಟರೆ ಸಾಕು.

ನೂರಕ್ಕೆ ತೊಂಬತ್ತು

ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಹೆಂಗಸು ಬುಟ್ಟಿಯಿಟ್ಟು ಹೂ ಮಾರುತ್ತಾರೆ. ಒಂದು ಸಂಜೆ ಮೊಮ್ಮಗನ ಜೊತೆ ಸೇವಂತಿಗೆ ಕೊಳ್ಳಲು ಹೋದಾಗ, ಹತ್ತರ ನಾಣ್ಯಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬೇಸರದಲ್ಲಿ ಕುಳಿತಿದ್ದರು.

“ಏನಾಯ್ತಮ್ಮಾ?” ಎಂದೆ.

“ಏನ್ ಮಾಡೋದು ಸ್ವಾಮಿ, ಜನ ಕೊಡ್ತಾರೆ, ನಾನು ಬೇಡ ಅನ್ನಂಗಿಲ್ಲ. ಬೆಳಗ್ಗೆ ಮಾರ್ಕೆಟ್ಟಲ್ಲಿ ಹೂವಿನೋರು ತಗೊಳ್ಳಲ್ಲ. ಒಬ್ರು ನೂರು ರೂಪಾಯಿ ಕಾಸಿಗೆ ತೊಂಬತ್ತು ಕೊಡ್ತೀನಿ ಅಂದವ್ರೆ. ಕೊಟ್ಟುಬಿಡಣ ಅಂತಿದೀನಿ.”

ಎಣಿಸಿದೆವು. 46 ನಾಣ್ಯಗಳಿದ್ದವು. ಮೊಮ್ಮಗ ಬಾಯಲ್ಲೇ ಲೆಕ್ಕ ಹಾಕಿದ: “ತಾತ, 460 ರೂಪಾಯಿ ಇದೆ. ಅವರು ಕೊಡೋದು 414. ಇವರಿಗೆ 46 ರೂಪಾಯಿ ಹೋಗುತ್ತೆ!” ಮೊಳಕ್ಕೆ ಇಪ್ಪತ್ತರಂತೆ ಮಾರುವವರಿಗೆ ಅದು ಎರಡು ಮೊಳ ಹೂವಿಗಿಂತ ಹೆಚ್ಚು. ಇಡೀ ದಿನ ಬಿಸಿಲಿನಲ್ಲಿ ಕುಳಿತು ಕಟ್ಟಿದ ಹೂವು!

ಆಣೆಯ ಒಗಟು ನೆನಪಾಯಿತೇ? ಅಲ್ಲಿ ಕಳೆದುಹೋಗುತ್ತಿದ್ದದ್ದು 25ಕ್ಕೆ ಒಂದು ಪೈಸೆ. ಇಲ್ಲಿ ಹತ್ತಕ್ಕೆ ಒಂದು ರೂಪಾಯಿ. ಅಲ್ಲಿ ಲೆಕ್ಕದ ತೊಡಕಾದರೂ ಇತ್ತು, ಇಲ್ಲಿರುವುದು ಬರೀ ಗಾಳಿಮಾತು. ಆದರೆ ಕಳೆದುಕೊಳ್ಳುವವರು ಮಾತ್ರ ಅವರೇ, ಬಿಡಿಗಾಸಿನಲ್ಲಿ ಬದುಕುವವರು. ಸಂಬಳದವರಿಗೆ ಹಣ ಖಾತೆಗೆ ಬರುತ್ತದೆ. ಹೂವಿನವರಿಗೆ, ಕಡಲೆಕಾಯಿಯವರಿಗೆ, ಸೊಪ್ಪಿನವರಿಗೆ ಬರುವುದು ಇಂಥ ನಾಣ್ಯವೇ.

ಮರುದಿನ ಬೆಳಗ್ಗೆ ಅವರ ಪಾಸ್‌ಬುಕ್ ತರಲು ಹೇಳಿ ಬ್ಯಾಂಕಿಗೆ ಜೊತೆಯಲ್ಲಿ ಹೋದೆವು. ಚಲನ್ ತುಂಬಿದ್ದು ಮೊಮ್ಮಗ. ಕೌಂಟರಿನ ಹುಡುಗಿ ನಾಣ್ಯಗಳನ್ನು ಹತ್ತು ಹತ್ತರ ಸಾಲು ಮಾಡಿ ಎಣಿಸಿ, ಪೂರ್ತಿ 460 ರೂಪಾಯಿ ಜಮಾ ಮಾಡಿದಳು. ನಾಣ್ಯಗಳನ್ನು ಠೇವಣಿಗೂ ಬದಲಾವಣೆಗೂ ತೆಗೆದುಕೊಳ್ಳಬೇಕೆಂದು ಎಲ್ಲ ಬ್ಯಾಂಕ್ ಶಾಖೆಗಳಿಗೂ ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಹೆಚ್ಚು ಇದ್ದರೆ ನೂರು ನೂರರ ಪೊಟ್ಟಣ ಕಟ್ಟಿಕೊಂಡು ಹೋಗಿ, ಎಣಿಸುವವರಿಗೆ ಅನುಕೂಲ.

ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಅವರು ನಾಣ್ಯ ಬೇಡ ಎನ್ನುವುದು ತಾವು ಕೊಟ್ಟಾಗ ಮುಂದಿನವರು ತೆಗೆದುಕೊಳ್ಳುವುದಿಲ್ಲ ಎಂಬ ಭಯದಿಂದ. ಆ ಮುಂದಿನವರಿಗೂ ಅದೇ ಭಯ. ಹಣ ಓಡುವುದೇ ನಂಬಿಕೆಯ ಮೇಲೆ. ಬೀದಿಗೆ ಒಂದು ಅಂಗಡಿ ಧೈರ್ಯ ಮಾಡಿದರೂ ಸಾಕು. ನಮ್ಮ ಬೀದಿಯ ದಿನಸಿಯವರಿಗೆ ಬ್ಯಾಂಕಿನ ಚಲನ್ ತೋರಿಸಿ ಹೇಳಿದೆ. ಈಗ ಅವರ ಗಲ್ಲಾದಲ್ಲಿ ಹತ್ತರ ನಾಣ್ಯಕ್ಕೆ ಬೇರೆಯೇ ಒಂದು ಬಟ್ಟಲಿದೆ. ಅಂಗಡಿಯವರ ಕಷ್ಟವನ್ನೂ ಕಾನೂನು ಯೋಚಿಸಿದೆ: ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿವರೆಗೆ ಮಾತ್ರ ತೆಗೆದುಕೊಳ್ಳಬೇಕಾದ್ದು. ಮೂಟೆಗಟ್ಟಲೆ ತಂದು ಸುರಿಯುವಂತಿಲ್ಲ.

ಪ್ರಯಾಣಕ್ಕೆ ಚಿಲ್ಲರೆ

ಈಗೆಲ್ಲ ಫೋನಿನಲ್ಲೇ ಹಣ ಕೊಡುವ ಕಾಲ, ನಿಜ. ನಾನೂ ಕೊಡುತ್ತೇನೆ. ಆದರೆ ಮಲೆನಾಡಿನ ಬಸ್ಸಿನಲ್ಲಿ ಕುಳಿತು ನೋಡಿ: ಘಟ್ಟದ ತಿರುವಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಜಾತ್ರೆಯ ಗದ್ದಲದಲ್ಲಿ ಪೇಮೆಂಟ್ ಸುತ್ತುತ್ತಲೇ ಇರುತ್ತದೆ, ಸಂಜೆಯಾದರೆ ಬ್ಯಾಟರಿ ಖಾಲಿ. ಆಗ ಜೇಬಿನ ನಾಣ್ಯವೇ ದೇವರು. ನಮ್ಮಜ್ಜಿ ಎಲೆಯಡಿಕೆಯ ಸಂಚಿಯ ಒಳಪದರದಲ್ಲಿ ಬಸ್ ಚಾರ್ಜನ್ನು ಬೇರೆಯಾಗಿ ಇಡುತ್ತಿದ್ದರು. ಬೇರೆ ಏನೇ ಖರ್ಚಾದರೂ ಅದನ್ನು ಮುಟ್ಟುತ್ತಿರಲಿಲ್ಲ.

ಬಸ್ಸು ಒಳ್ಳೆಯ ಲೆಕ್ಕದ ಶಾಲೆಯೂ ಹೌದು. ಮೊನ್ನೆ ನಾವು ಮೂವರು ಹೊರಟೆವು. ಪೂರ್ತಿ ಟಿಕೆಟ್ 54 ರೂಪಾಯಿ. ನನ್ನ ಹೆಂಡತಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್. ನನಗೆ ಹಿರಿಯ ನಾಗರಿಕರ ರಿಯಾಯಿತಿ ಕಳೆದು 41. ಮೊಮ್ಮಗನಿಗೆ ಅರ್ಧ ಟಿಕೆಟ್, 27. ಒಟ್ಟು 68. ನೂರರ ನೋಟು ಕೊಟ್ಟರೆ ಕಂಡಕ್ಟರ್ 32 ರೂಪಾಯಿ ಹುಡುಕಬೇಕು. ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ, ಇಳಿಯುವ ಅವಸರದಲ್ಲಿ ಎಷ್ಟೋ ಜನ ಅದನ್ನು ಮರೆಯುತ್ತಾರೆ. ಮೊಮ್ಮಗ ನೂರರ ಜೊತೆ ಎಂಟು ರೂಪಾಯಿ ಬಿಡಿ ಸೇರಿಸಿ ಕೊಟ್ಟ. ಕಂಡಕ್ಟರ್ ನಾಲ್ಕು ಹತ್ತರ ನಾಣ್ಯ ವಾಪಸ್ ಕೊಟ್ಟು, “ಭಲೇ ಮರಿ” ಎಂದರು. ಫೋನಿನಲ್ಲಿ 68 ಒತ್ತಿದ್ದರೆ ಈ ಲೆಕ್ಕವೂ ಇರುತ್ತಿರಲಿಲ್ಲ, ಆ ‘ಭಲೇ’ಯೂ ಇರುತ್ತಿರಲಿಲ್ಲ.

ಈ ಭಾನುವಾರದ ಕೆಲಸ

ಅಜ್ಜ ಅಜ್ಜಿಯರೇ, ಮಕ್ಕಳೇ, ಈ ಭಾನುವಾರ ಮನೆಯ ಗೋಲಕ, ಹಳೆಯ ಪರ್ಸು, ಟಿವಿಯ ಮೇಲಿನ ಬಟ್ಟಲು ಎಲ್ಲವನ್ನೂ ಚಾಪೆಯ ಮೇಲೆ ಸುರಿಯಿರಿ. ನಾಣ್ಯದ ಮೇಲಿನ ಇಸವಿಯ ಕೆಳಗೆ ಭೂತಗನ್ನಡಿ ಹಿಡಿದು ನೋಡಿ. ಸಣ್ಣ ವಜ್ರದ ಆಕಾರವಿದ್ದರೆ ಅದು ಮುಂಬಯಿ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕಿಯಿದ್ದರೆ ನೋಯ್ಡಾದ್ದು, ಗುರುತೇ ಇಲ್ಲದಿದ್ದರೆ ಕೋಲ್ಕತ್ತದ್ದು. ಹೆಬ್ಬೆರಳೆತ್ತಿದ ಕೈಯಿರುವ ಒಂದು ರೂಪಾಯಿ, ಎರಡು ಬೆರಳು ತೋರಿಸುವ ಎರಡು ರೂಪಾಯಿ ಸಿಗುತ್ತವೆಯೇ ಹುಡುಕಿ. ಇಷ್ಟವಾದ ಒಂದೆರಡನ್ನು ಸಂಗ್ರಹಕ್ಕೆ ಇಟ್ಟುಕೊಳ್ಳಿ.

ಉಳಿದದ್ದನ್ನು ಮತ್ತೆ ಡಬ್ಬಿಗೆ ತುಂಬಬೇಡಿ. ಮನೆಮನೆಯ ಗೋಲಕಗಳಲ್ಲಿ ನಾಣ್ಯ ಮಲಗಿದರೆ ಪೇಟೆಯಲ್ಲಿ ಚಿಲ್ಲರೆಗೆ ಬರಗಾಲ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ, ಆದರೆ ಹಳ್ಳ ಎಂದರೆ ಹರಿಯಬೇಕು. ಸ್ವಲ್ಪವನ್ನು ಮಕ್ಕಳ ಉಳಿತಾಯ ಖಾತೆಗೆ ಕಟ್ಟಿ, ಸ್ವಲ್ಪವನ್ನು ಸೊಪ್ಪು, ಹೂವು, ಬಸ್ಸಿಗೆ ಬಳಸಿ.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ನಾಣ್ಯ ಕೊಡುವುದರಲ್ಲಿ ಮಾತ್ರವಲ್ಲ, ತೆಗೆದುಕೊಳ್ಳುವುದರಲ್ಲೂ ಧಾರಾಳವಾಗಿರಿ. ಹೂವಿನವರು ಹತ್ತರ ನಾಣ್ಯವನ್ನು ಚಿಲ್ಲರೆಯಾಗಿ ಕೊಟ್ಟು, ‘ಬೇಡ ಅಂತಾರೇನೋ’ ಎಂದು ನಿಮ್ಮ ಮುಖ ನೋಡುತ್ತಾರೆ. ಆಗ ತಿರುಗಿಸಿ ಮುರುಗಿಸಿ ಗೆರೆ ಎಣಿಸಬೇಡಿ, ಸುಮ್ಮನೆ ಜೇಬಿಗೆ ಹಾಕಿಕೊಳ್ಳಿ. ಅದು ಯಾವ ಟಂಕಸಾಲೆಯದೆಂದು ನೋಡಲು ಮನೆಗೆ ಹೋದ ಮೇಲೆ ಬೇಕಾದಷ್ಟು ಸಮಯವಿರುತ್ತದೆ.